ಮೋಹಕ ಬಲೆಯನ್ನು ಬೆಳೆ ಜೊತೆಗೇ ಎತ್ತರಿಸಿ

ಮೆಕ್ಕೆಜೋಳದಲ್ಲಿ ಸೈನಿಕ ಹುಳುವಿಗೆ ಮೋಹಕ ಬಲೆ ಹಾಕುವವರು ಅದನ್ನು ಕೋಲಿಗೆ ಮೊಳೆ ಹೊಡೆಯಬೇಡಿ, ಹಗ್ಗದಿಂದ ಕಟ್ಟಿ. ವಾರಕ್ಕೊಮ್ಮೆ ಬಿಚ್ಚಿ, ಬೆಳೆಯ ತುದಿಗಿಂತ ಒಂದು ಅಡಿ ಮೇಲಿರುವಂತೆ ಮತ್ತೆ ಕಟ್ಟಿ. ಜೋಳ ಬೇಗ ಬೆಳೆಯುತ್ತದೆ. ಬಲೆಯೊಳಗೆ ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ವಸ್ತು, ಅಂದರೆ ಲ್ಯೂರ್ ಇರುತ್ತದೆ. ಬಲೆ ಗರಿಗಳ ನಡುವೆ ಮುಳುಗಿದರೆ ಲ್ಯೂರ್‌ನ ವಾಸನೆ ಗಾಳಿಯಲ್ಲಿ ಸರಿಯಾಗಿ ಹರಡುವುದಿಲ್ಲ. ಬಲೆ ಖಾಲಿ ಇದೆ, ಹುಳು ಇಲ್ಲ ಅಂತ ಸುಮ್ನೆ ಇದ್ದುಬಿಡುತ್ತೇವೆ, ಅಲ್ವಾ? ಎಕರೆಗೆ 4–5 ಬಲೆ ಹುಳು ಬಂದಿದ್ದು ತಿಳಿಯಲು ಸಾಕು, ಹತೋಟಿಗೆ ಸಾಲದು. ಬೀಳುವುದು ಗಂಡು ಪತಂಗ ಮಾತ್ರ. ಪಕ್ಕದ ಹೊಲದಲ್ಲಿ ಗಂಡಿನ ಜೊತೆ ಕೂಡಿ ಬಂದ ಹೆಣ್ಣು ಮೊಟ್ಟೆ ಇಡುವುದನ್ನು ಬಲೆ ತಡೆಯುವುದಿಲ್ಲ. ಪತಂಗ ಬಿದ್ದ ದಿನದಿಂದಲೇ ಸುಳಿ ಬಿಡಿಸಿ ನೋಡಿ. ಶೇಂಗಾ, ಸೋಯಾಬೀನ್‌ನ ಎಲೆ ತಿನ್ನುವ ಹುಳುವಿನ ಲ್ಯೂರ್ ಇದಕ್ಕೆ ನಡೆಯುವುದಿಲ್ಲ, ಅಂಗಡಿಯಲ್ಲಿ ಹುಳುವಿನ ಹೆಸರು ಹೇಳಿಯೇ ತನ್ನಿ.