ಹಳೆಯ ಫರ್ಗ್ಯೂಸನ್ ಟ್ರ್ಯಾಕ್ಟರಿನಿಂದ ಆಲೂಗಡ್ಡೆ ಕಿತ್ತ ನನ್ನ ಅನುಭವ

1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಫರ್ಗ್ಯೂಸನ್ ಟಿಇ-20 ಟ್ರ್ಯಾಕ್ಟರನ್ನು ಬಣ್ಣ ಬಳಿದು ಪ್ರದರ್ಶನಕ್ಕೆ ನಿಲ್ಲಿಸುವವರು ಅನೇಕರಿದ್ದಾರೆ. ನಾನು ಬಯಸಿದ್ದು ಅದನ್ನು ಅದೇ ಕಾಲದ ಆಲೂಗಡ್ಡೆ ಕೀಳುವ ಯಂತ್ರದೊಡನೆ ಹೊಲದಲ್ಲಿ ದುಡಿಸುವುದನ್ನು. ಯಂತ್ರದ ರಚನೆ ಸರಳವಾಗಿದೆ. ಅಗಲವಾದ ಗುಳವೊಂದು ಏರಿನ, ಅಂದರೆ ಗಡ್ಡೆಗಳಿರುವ ಮಣ್ಣಿನ ದಿಂಡಿನ ಅಡಿಯಲ್ಲಿ ಸಾಗಿ ಗಡ್ಡೆಗಳ ಸಮೇತ ಮಣ್ಣನ್ನು ಸಡಿಲಿಸಿ ಎತ್ತುತ್ತದೆ. ಅದರ ಹಿಂದೆ ತಿರುಗುವ ಹಲ್ಲಿನ ಚಕ್ರ ಆ ಮಣ್ಣನ್ನು ಪಕ್ಕಕ್ಕೆ ಎರಚುತ್ತದೆ. ಇಳಿಬಿಟ್ಟ ಪರದೆಗೆ ತಾಗಿದ ಗಡ್ಡೆಗಳು ನೆಲದ ಮೇಲೆ ಸಾಲಾಗಿ ಬೀಳುತ್ತವೆ. ಕಷ್ಟವಿರುವುದು ಇದನ್ನು ಆ ಟ್ರ್ಯಾಕ್ಟರಿನ ಸ್ವಭಾವಕ್ಕೆ ಹೊಂದಿಸುವುದರಲ್ಲಿ.

ಈ ಟ್ರ್ಯಾಕ್ಟರಿನಲ್ಲಿ ಪಿಟಿಒಗೂ (ಹಿಂದೆ ಜೋಡಿಸಿದ ಯಂತ್ರವನ್ನು ಎಂಜಿನ್ ಶಕ್ತಿಯಿಂದ ತಿರುಗಿಸುವ ವ್ಯವಸ್ಥೆ) ಹಿಂದಿನ ಚಕ್ರಗಳಿಗೂ ಶಕ್ತಿ ಒಂದೇ ಕ್ಲಚ್ಚಿನ ಮೂಲಕ ಬರುವುದರಿಂದ, ಕ್ಲಚ್ ತುಳಿದೊಡನೆ ಎರಡಕ್ಕೂ ಎಂಜಿನ್ನಿನ ಸಂಪರ್ಕ ತಪ್ಪುತ್ತದೆ. ಆದರೆ ವೇಗವಾಗಿ ತಿರುಗುತ್ತಿರುವ ಹಲ್ಲಿನ ಚಕ್ರ ಆಗ ತನ್ನ ರಭಸದಿಂದ ಗೇರ್ ಬಾಕ್ಸನ್ನೇ ತಿರುಗಿಸಿ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳಬಲ್ಲದು. ಆದ್ದರಿಂದ ಪಿಟಿಒ ಶಾಫ್ಟಿಗೆ ಒಂದೇ ದಿಕ್ಕಿನಲ್ಲಿ ಹಿಡಿಯುವ ಕಪ್ಲಿಂಗನ್ನು ಮೊದಲು ಹಾಕಿಸಿದೆ. ಮೂಲ ಶಾಫ್ಟಿನ ವ್ಯಾಸ ಒಂದೂಕಾಲು ಇಂಚಿಗಿಂತಲೂ ಕಡಿಮೆ. ಈಗಿನ ಜೋಡಣೆಗಳು ಅದಕ್ಕಿಂತ ದಪ್ಪವಾಗಿರುವುದರಿಂದ ನಡುವೆ ಅಡಾಪ್ಟರ್ ಬೇಕಾಗುತ್ತದೆ, ಅದು ಸೇರಿದಷ್ಟೂ ಉದ್ದ ಹೆಚ್ಚುತ್ತದೆ. ಯಂತ್ರವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ, ಟ್ರ್ಯಾಕ್ಟರಿಗೂ ಯಂತ್ರಕ್ಕೂ ನಡುವೆ ಒಂದರೊಳಗೊಂದು ಜಾರುವ ಶಾಫ್ಟಿನ ಒಳಭಾಗ ಎಲ್ಲಿಯೂ ತಳ ಮುಟ್ಟದಂತೆ ಅಳತೆ ನೋಡಿಯೇ ಅದನ್ನು ಕತ್ತರಿಸಿದೆ. ಶಾಫ್ಟಿನ ಮೇಲೆ ರಕ್ಷಣಾ ಕವಚವಿಲ್ಲದೆ ಹೊಲಕ್ಕಿಳಿಯುವುದನ್ನು ನಾನು ಒಪ್ಪುವುದಿಲ್ಲ, ಯಂತ್ರ ಎಷ್ಟೇ ಹಳೆಯದಾಗಿರಲಿ.

ಯಂತ್ರವನ್ನು ಎತ್ತುವ ಹೈಡ್ರಾಲಿಕ್ ಪಂಪು ಕೂಡ ಪಿಟಿಒ ಶಾಫ್ಟಿನಿಂದಲೇ ನಡೆಯುತ್ತದೆ. ಸಾಲಿನ ಕೊನೆಯಲ್ಲಿ ಯಂತ್ರವನ್ನು ಎತ್ತಬೇಕಾದರೆ ಪಿಟಿಒ ಹಾಕಿಯೇ ಇರಬೇಕು. ಹಾಗಾಗಿ ಎತ್ತುವ ಹೊತ್ತಿನಲ್ಲಿ ಹಲ್ಲುಗಳು ತಿರುಗುತ್ತಲೇ ಇರುತ್ತವೆ, ಶಾಫ್ಟಿನ ಕೀಲುಗಳೂ ಓರೆಯಾಗುತ್ತವೆ. ಎತ್ತರ ಮಿತಿ ಮೀರದಂತೆ ಸರಪಳಿ ಕಟ್ಟಿದೆ. ಗಡ್ಡೆ ಆರಿಸುವವರು ಆ ಹೊತ್ತಿನಲ್ಲಿ ಯಂತ್ರದಿಂದ ದೂರ ನಿಲ್ಲಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ವೇಗದ ಹೊಂದಾಣಿಕೆ. ಎಂಜಿನ್ ನಿಮಿಷಕ್ಕೆ ಸುಮಾರು 1500 ಸುತ್ತು ತಿರುಗಿದರೆ ಪಿಟಿಒ 540ರ ಆಸುಪಾಸಿನಲ್ಲಿರುತ್ತದೆ. ಥ್ರಾಟಲ್ ಇಳಿಸಿದರೆ ಹಲ್ಲಿನ ಚಕ್ರವೂ ನಡೆಯ ವೇಗವೂ ಒಟ್ಟಿಗೇ ಇಳಿಯುತ್ತವೆ, ಅವುಗಳ ಅನುಪಾತ ಬದಲಾಗುವುದಿಲ್ಲ. ಅಂದರೆ ಒಂದು ಸುತ್ತಿಗೆ ಎಷ್ಟು ಮಣ್ಣು ಹಲ್ಲಿಗೆ ಸಿಗಬೇಕೆಂಬುದನ್ನು ಗೇರ್ ನಿರ್ಧರಿಸುತ್ತದೆ, ಎಷ್ಟು ರಭಸದಿಂದ ಎಸೆಯಬೇಕೆಂಬುದನ್ನು ಥ್ರಾಟಲ್ ನಿರ್ಧರಿಸುತ್ತದೆ. ಜಿಗುಟು ಮಣ್ಣಿನಲ್ಲಿ ಮೊದಲ ಗೇರೇ ಸರಿ. ಹುಡಿ ಮಣ್ಣಿನಲ್ಲಿ ಎರಡನೆಯ ಗೇರ್ ಹಾಕಿ ಥ್ರಾಟಲ್ ತಗ್ಗಿಸಿದಾಗ, ಹಲ್ಲುಗಳಿಗೂ ಗಡ್ಡೆಗಳಿಗೂ ನಡುವೆ ಮಣ್ಣು ಮೆತ್ತೆಯಂತೆ ಉಳಿದು ಪೆಟ್ಟು ಬಹಳ ಕಡಿಮೆಯಾಯಿತು.

ಆಳವನ್ನು ಫರ್ಗ್ಯೂಸನ್ ವ್ಯವಸ್ಥೆಯ ಎಳೆತ ನಿಯಂತ್ರಣಕ್ಕೆ ಬಿಡಲಿಲ್ಲ. ಟಾಪ್ ಲಿಂಕಿನ (ಯಂತ್ರವನ್ನು ಟ್ರ್ಯಾಕ್ಟರಿಗೆ ಜೋಡಿಸುವ ಮೇಲಿನ ತೋಳು) ಸ್ಪ್ರಿಂಗಿಗೆ ಬೀಳುವ ಒತ್ತಡವನ್ನು ಅನುಸರಿಸಿ ಆಳವನ್ನು ತಾನೇ ಬದಲಿಸುವ ಆ ವ್ಯವಸ್ಥೆ ನೇಗಿಲಿಗೆ ಅದ್ಭುತವಾಗಿದೆ. ಆದರೆ ಗಡ್ಡೆ ಕೀಳುವಾಗ ಮಣ್ಣು ಸಡಿಲವಿದ್ದಲ್ಲಿ ಗುಳ ಇಳಿಯುತ್ತದೆ, ಗಟ್ಟಿಯಿದ್ದಲ್ಲಿ ಏರುತ್ತದೆ, ಏರಿದಲ್ಲಿ ಗಡ್ಡೆ ಕತ್ತರಿಸುತ್ತದೆ. ನೆಲದ ಮೇಲೆ ಉರುಳುತ್ತಾ ಗುಳದ ಆಳವನ್ನು ಕಾಯುವ ಚಕ್ರ ಜೋಡಿಸಿ, ಲಿಫ್ಟಿನ ಲಿವರನ್ನು ಪೂರ್ತಿ ಇಳಿಸಿ, ಗುಳದ ಓರೆಯನ್ನು ಮಾತ್ರ ಟಾಪ್ ಲಿಂಕಿನ ಉದ್ದದಿಂದ ತಿದ್ದಿದೆ. ಕೆಲವು ಗಜ ಸಾಗಿದ ಬಳಿಕ ನಿಲ್ಲಿಸಿ ಗಡ್ಡೆಗಳನ್ನು ಕೈಯಲ್ಲಿ ಹಿಡಿದು ನೋಡಬೇಕು. ಚಾಕುವಿನಿಂದ ಕೊಯ್ದಂತೆ ನುಣುಪಾದ ಗಾಯವಿದ್ದರೆ ಗುಳ ಮೇಲಿದೆ. ಸಿಪ್ಪೆ ಸುಲಿದು ಜಜ್ಜಿದ ಗುರುತಿದ್ದರೆ ಹಲ್ಲಿನ ರಭಸ ಹೆಚ್ಚಾಗಿದೆ. ಸಿಪ್ಪೆ ಬಲಿಯದ ಬೆಳೆಯಲ್ಲಿ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ, ಆದ್ದರಿಂದ ಸಿಪ್ಪೆ ಬಲಿಯಲೆಂದು ಗಿಡವನ್ನು ಎರಡು ಮೂರು ವಾರ ಮೊದಲೇ ಕತ್ತರಿಸಿದ್ದೆ.

ನನ್ನ ಸಾಲುಗಳ ಅಂತರ 28 ಇಂಚು. ಟ್ರ್ಯಾಕ್ಟರಿನ ಎಡಬಲ ಚಕ್ರಗಳ ಅಂತರವನ್ನು 56 ಇಂಚಿಗೆ ಹೊಂದಿಸಿದಾಗ ಅವು ಎರಡು ಏರುಗಳ ಆಚೀಚೆಯ ಕಾಲುವೆಗಳಲ್ಲಿ ನಡೆದವು, ಗುಳವನ್ನು 14 ಇಂಚು ಪಕ್ಕಕ್ಕೆ ಸರಿಸಿ ಒಂದು ಏರನ್ನಷ್ಟೇ ಕಿತ್ತೆ. ಎರಚಿದ ಗಡ್ಡೆಗಳು ಆಗಲೇ ಕಿತ್ತ ನೆಲದ ಕಡೆಗೆ ಬೀಳುವಂತೆ ಹೊಲವನ್ನು ಸುತ್ತಬೇಕು, ಮತ್ತು ಅವನ್ನು ಆರಿಸಿ ಮುಗಿಸುವವರೆಗೆ ಮುಂದಿನ ಸಾಲಿಗೆ ಟ್ರ್ಯಾಕ್ಟರ್ ಇಳಿಸಬಾರದು.