ಟಪಾಲು ಲಾರಿಯ ಕೆಲಸ ನನಗೆ ಸಿಕ್ಕ ಬಗೆ

ಅಮೆರಿಕದ ಅಂಚೆ ಇಲಾಖೆಯ ಟಪಾಲನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಸಾಗಿಸುವ ಎಷ್ಟೋ ಟ್ರೈಲರ್‌ಗಳು ಖಾಸಗಿ ಗುತ್ತಿಗೆದಾರರವು ಎಂಬುದು ನನಗೆ ತಿಳಿದಿರಲಿಲ್ಲ. ಹಾಗಾಗಿ ಎರಡು ತಿಂಗಳು ಇಲಾಖೆಗೇ ಅರ್ಜಿ ಹಾಕುತ್ತ ಕಳೆದೆ. ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ಬಳಿ ಒಮ್ಮೆ ಡೀಸೆಲ್ ತುಂಬಿಸುತ್ತಿದ್ದಾಗ, ‘ಯು.ಎಸ್. ಮೇಲ್’ ಎಂದು ಬರೆದಿದ್ದ ಪಕ್ಕದ ಲಾರಿಯ ಚಾಲಕನನ್ನು ಕೆಲಸದ ಬಗ್ಗೆ ವಿಚಾರಿಸಿದೆ. ಆತ ಮಾತಾಡದೆ ತನ್ನ ಬಾಗಿಲಿನತ್ತ ಬೆರಳು ತೋರಿಸಿದ. ಅಲ್ಲಿ ಕಂಪನಿಯ ಹೆಸರೂ ಅದರ ಡಿಒಟಿ ಸಂಖ್ಯೆಯೂ, ಅಂದರೆ ಅಮೆರಿಕದ ಸಾರಿಗೆ ಇಲಾಖೆ ಕೊಡುವ ಗುರುತಿನ ಸಂಖ್ಯೆಯೂ, ಇದ್ದವು.

ಅಂದಿನಿಂದ ಅಂಥ ಬಾಗಿಲುಗಳನ್ನು ಕಂಡಲ್ಲೆಲ್ಲ ಸಂಖ್ಯೆ ಬರೆದುಕೊಂಡೆ. ಸಾರಿಗೆ ಇಲಾಖೆಯ ‘ಸೇಫರ್’ ತಾಣದಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಕಂಪನಿಯ ವಿಳಾಸ, ಫೋನ್, ಲಾರಿಗಳ ಎಣಿಕೆ ಸಿಗುತ್ತವೆ. ಸರಕಿನ ಪಟ್ಟಿಯಲ್ಲಿ ‘ಯು.ಎಸ್. ಮೇಲ್’ ಎಂಬುದರ ಮುಂದೆ ಗುರುತಿದ್ದರೆ ಟಪಾಲಿನವರೆಂದು ತಿಳಿಯುತ್ತದೆ. ನನಗೆ ಕೆಲಸ ಕೊಟ್ಟದ್ದು ಜಾಹೀರಾತೇ ಹಾಕದ ಒಂದು ಸಣ್ಣ ಕಂಪನಿ.

ಭಾರಿ ಟ್ರೈಲರ್ ಲಾರಿ ಓಡಿಸಲು ಬೇಕಾದ ಕ್ಲಾಸ್ ಎ ಪರವಾನಗಿ ಮೊದಲೇ ಇದ್ದರೂ ಕಾಗದಪತ್ರದ ಕೆಲಸ ಬೇಗ ಮುಗಿಯಲಿಲ್ಲ. ಬೆರಳಚ್ಚು, ಮಾದಕವಸ್ತು ಪರೀಕ್ಷೆ, ಚಾಲನೆಯ ದಾಖಲೆ, ಹಿಂದಿನ ಕೆಲಸಗಳ ವಿವರ ಎಲ್ಲವನ್ನೂ ಒಪ್ಪಿಸಬೇಕು. ಅಮ್ಮನ ಕಾಯಿಲೆಗೆಂದು ಹಾಸನದಲ್ಲಿ ಉಳಿದಿದ್ದ ಏಳು ತಿಂಗಳನ್ನು ನಾನು ಖಾಲಿ ಬಿಟ್ಟಿದ್ದರಿಂದ ಅರ್ಜಿ ಮರಳಿ ಬಂತು. ಕೆಲಸವಿಲ್ಲದಿದ್ದ ಕಾಲವನ್ನೂ ಹಾಗೆಂದೇ ಬರೆಯಬೇಕಿತ್ತು.

ಸಂಬಳದ ವಿಷಯದಲ್ಲಿ ಮಾತ್ರ ಸಂಕೋಚ ಬೇಡ. 1965ರ ಸೇವಾ ಗುತ್ತಿಗೆ ಕಾಯ್ದೆಯಂತೆ ಈ ಮಾರ್ಗಗಳಿಗೆ ಗಂಟೆಯ ಕನಿಷ್ಠ ಕೂಲಿಯ ಜೊತೆಗೆ ಆರೋಗ್ಯ ಮತ್ತು ಕಲ್ಯಾಣದ ಬಾಬ್ತಿನ ಮೊತ್ತವೂ ಬೇರೆಯಾಗಿ ನಿಗದಿಯಾಗಿರುತ್ತದೆ. ಮಾಲೀಕರು ಅದನ್ನು ವಿಮೆಯಾಗಿಯಾದರೂ ನಗದಾಗಿಯಾದರೂ ಕೊಡಬಹುದು, ಕೊಡದಿರುವಂತಿಲ್ಲ. ಸಂದರ್ಶನಕ್ಕೆ ಹೋದ ಮೊದಲ ಕಡೆ ಎರಡನ್ನೂ ಕೂಡಿಸಿ ‘ಒಳ್ಳೆಯ ಕೂಲಿ’ ಎಂದು ಒಂದೇ ಅಂಕಿ ಹೇಳಿದರು. ಈ ದರಗಳನ್ನು ನಿಗದಿಪಡಿಸುವ ಸರ್ಕಾರಿ ಪತ್ರವಾದ ವೇತನ ನಿರ್ಣಯದ ಪ್ರತಿ ಕೇಳಿದಾಗ ಅವರ ದನಿ ತಣ್ಣಗಾಯಿತು. ನಾನು ಎದ್ದು ಬಂದೆ.

ನನ್ನ ಮಾರ್ಗ ಹ್ಯಾರಿಸ್‌ಬರ್ಗ್‌ನಿಂದ ಜೆರ್ಸಿ ಸಿಟಿಗೆ, ಬಹುತೇಕ 78ನೇ ಹೆದ್ದಾರಿಯಲ್ಲಿ, ರಾತ್ರಿ ಪಾಳಿ. ಟ್ರೈಲರಿನ ಬಾಗಿಲಿಗೆ ಸಂಖ್ಯೆಯಿರುವ ಸೀಲ್ ಹಾಕಿರುತ್ತಾರೆ, ಅದನ್ನು ಅಂಚೆ ಸಿಬ್ಬಂದಿಯೇ ಕತ್ತರಿಸಬೇಕು. ಲೋಡ್ ಮಾಡುವುದೂ ಎಷ್ಟೋ ಕಡೆ ಚಾಲಕನ ಪಾಲಿಗೇ ಬೀಳುತ್ತದೆ. ಒಂದು ಜನವರಿಯಲ್ಲಿ ಲಾರಿಗೆ ಸರಕು ತುಂಬುವ ಕಟ್ಟೆಯ, ಅಂದರೆ ಡಾಕಿನ, ಹಿಮ ಕಟ್ಟಿದ್ದ ತಗಡಿನ ಮೇಲೆ ಎಪಿಸಿ ಎಂಬ ಚಕ್ರದ ಪಂಜರ, ಪಾರ್ಸೆಲ್ ತುಂಬಿದ್ದ ಭಾರಕ್ಕೆ, ನನ್ನ ಕೈ ಮೀರಿ ಜಾರಿ ಟ್ರೈಲರಿನ ಗೋಡೆಗೆ ಬಡಿಯಿತು. ಅದರ ಮುಂದೆ ನಾನಿದ್ದಿದ್ದರೆ ಕಾಲು ಮುರಿಯುತ್ತಿತ್ತು. ಈಗ ಪಂಜರವನ್ನು ಹಿಂದಿನಿಂದ ತಳ್ಳುತ್ತೇನೆ, ಮುಂದೆ ನಿಂತು ಎಳೆಯುವುದಿಲ್ಲ, ಪ್ರತಿ ಸಾಲಿಗೂ ಪಟ್ಟಿ ಬಿಗಿಯುತ್ತೇನೆ.

ಮೂರನೆಯ ವರ್ಷ ಗುತ್ತಿಗೆ ಬೇರೆ ಕಂಪನಿಯ ಪಾಲಾಯಿತು. ಆ ಮಾರ್ಗಕ್ಕೆ ಹೊಸಬರು ನನ್ನನ್ನೇ ಇಟ್ಟುಕೊಂಡರಾದರೂ ರಜೆಯನ್ನು ಮೊದಲಿನಿಂದ ಎಣಿಸತೊಡಗಿದರು. ಆದರೆ ನಿಯಮದಂತೆ ಅದೇ ಕೆಲಸವನ್ನು ಅಲ್ಲೇ ಮಾಡುತ್ತಿದ್ದರೆ ರಜೆಯ ಎಣಿಕೆಯಲ್ಲಿ ಹಿಂದಿನ ಗುತ್ತಿಗೆದಾರರ ಬಳಿಯ ಸೇವೆಯೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಸಂಬಳದ ಚೀಟಿಗಳನ್ನೆಲ್ಲ ಬಿಸಾಡದೆ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಇಟ್ಟಿದ್ದೆ. ಡಬ್ಬಿಯನ್ನೇ ಕಚೇರಿಗೆ ಒಯ್ದು ಮೇಜಿನ ಮೇಲೆ ತೆರೆದಿಟ್ಟೆ, ಎರಡು ವಾರದಲ್ಲಿ ಲೆಕ್ಕ ಸರಿಹೋಯಿತು.