ಕೆರೆ-ಹಳ್ಳದ ಮೀನು ಗಾಜಿನ ಟ್ಯಾಂಕಿಗೆ: ನನ್ನ ಅನುಭವ

ಧಾರವಾಡ ಎರಡು ಕಡೆಗೆ ನೀರು ಹಂಚುವ ದಿಣ್ಣೆಯ ಮೇಲಿದೆ. ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕಿಳಿದು ಬೇಡ್ತಿ ಸೇರಿ ಅರಬ್ಬೀ ಸಮುದ್ರ ಕಾಣುತ್ತದೆ. ಹುಬ್ಬಳ್ಳಿ-ನವಲಗುಂದದ ಕಡೆಯ ಬೆಣ್ಣಿಹಳ್ಳ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ. ಕಲಘಟಗಿ ಬದಿಯ ಹಳ್ಳಗಳಲ್ಲಿ ಕಲ್ಲು, ನೆರಳು, ತಿಳಿಯಾದ ಮೆದು ನೀರು. ನವಲಗುಂದ, ಗದಗದ ಕಡೆ ಎರೆಮಣ್ಣು, ಗಡಸು ನೀರು, ನಿಂತ ಕೆರೆ. ಮೀನು ಯಾವ ಜಾತಿ ಅನ್ನುವುದಕ್ಕಿಂತ ಮೊದಲು ನಾನು ಬರೆದುಕೊಳ್ಳುವುದು ಇದನ್ನೇ: ಹರಿಯುವ ನೀರಿನದೋ, ನಿಂತ ನೀರಿನದೋ. ಇವೆರಡನ್ನೂ ಒಂದೇ ಟ್ಯಾಂಕಿಗೆ ಹಾಕಿದರೆ ಒಂದು ಗುಂಪು ಸೊರಗುವುದು ಖಚಿತ.

ಹಿಡಿಯಲು ಒಳ್ಳೆಯ ಕಾಲ ದೀಪಾವಳಿಯಿಂದ ಸಂಕ್ರಾಂತಿವರೆಗೆ. ನೀರು ತಿಳಿಯಾಗಿರುತ್ತದೆ, ತಂಪಾಗಿರುತ್ತದೆ. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡುವ ಹೊತ್ತು, ಮುಟ್ಟಬಾರದು. ಬೇಸಿಗೆಯಲ್ಲಿ ಒಣಗುತ್ತಿರುವ ಗುಂಡಿಯ ಮೀನು ಸುಲಭಕ್ಕೆ ಸಿಗುತ್ತವೆ, ಆದರೆ ಆಮ್ಲಜನಕ ಸಾಲದೆ ಮೊದಲೇ ಬಳಲಿರುತ್ತವೆ, ಮೈತುಂಬ ಪರಾವಲಂಬಿ ಹುಳುಗಳಿರುತ್ತವೆ. ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತದೆ. ಅವರನ್ನು ಕೇಳಿಯೇ ಬಲೆ ಇಳಿಸಬೇಕು. ಎರಡು ಬೆರಳುದ್ದದ ಮೀನು ಅವರಿಗೂ ಬೇಡವಾದ್ದರಿಂದ ಬಹುತೇಕ ಇಲ್ಲ ಅನ್ನುವುದಿಲ್ಲ. ಶಿರಹಟ್ಟಿ ಬದಿಯ ಮಾಗಡಿ ಕೆರೆ ಸಂರಕ್ಷಿತ ಜಾಗ, ಅಲ್ಲಿಗೆ ಬಲೆ ಒಯ್ಯುವ ಮಾತೇ ಇಲ್ಲ.

ಗುರುತಿಸುವ ಕೆಲಸ ದಡದಲ್ಲೇ ಮುಗಿಯಬೇಕು. ಇದಕ್ಕೆಂದೇ 15 ಸೆಂಟಿಮೀಟರ್ ಉದ್ದ, 10 ಎತ್ತರ, ಬರೀ 3 ಅಗಲದ ಗಾಜಿನ ಡಬ್ಬಿ ಮಾಡಿಸಿದ್ದೇನೆ. ಹಿಂಬದಿಗೆ ಗ್ರಾಫ್ ಕಾಗದ ಅಂಟಿಸಿದೆ. ಮೀನು ಅದರಲ್ಲಿ ತಿರುಗಲಾರದು, ಅಡ್ಡಕ್ಕೆ ನಿಲ್ಲುತ್ತದೆ, ಅಳತೆ ಅಲ್ಲೇ ಕಾಣುತ್ತದೆ. ಒಂದು ಪಕ್ಕೆ, ಬೆನ್ನಿನ ರೆಕ್ಕೆ, ಕೆಳಗಿನಿಂದ ಬಾಯಿ ಹೀಗೆ ಮೂರು ಫೋಟೊ ಸಾಕು. ಬಣ್ಣ ನಂಬಬೇಡಿ, ಹೆದರಿದ ಮೀನಿನ ಬಣ್ಣ ನಿಮಿಷದಲ್ಲಿ ಇಳಿಯುತ್ತದೆ. ಚುಕ್ಕೆಯ ಜಾಗ, ಮೀಸೆ, ಪಕ್ಕೆಗೆರೆ ಬದಲಾಗುವುದಿಲ್ಲ.

ನಮ್ಮ ಕೆರೆಗಳಲ್ಲಿ ಹೆಚ್ಚು ಗೊಂದಲ ಮಾಡುವುದು ಎರಡು ಬಾರ್ಬ್‌ಗಳು, ಅಂದರೆ ಕಾರ್ಪ್ ಕುಟುಂಬದ ಸಣ್ಣ ಮೀನುಗಳು. ಪೆಥಿಯಾ ಟಿಕ್ಟೊಗೆ ಒಂದು ಕಪ್ಪು ಚುಕ್ಕೆ ಕಿವಿರಿನ ಹಿಂದೆ, ಇನ್ನೊಂದು ಬಾಲದ ಬುಡಕ್ಕೆ ತುಸು ಮುಂಚೆ. ಪಕ್ಕೆಗೆರೆ ಅಂದರೆ ಹುರುಪೆಗಳ ಮೇಲಿನ ಸಣ್ಣ ತೂತುಗಳ ಸಾಲು, ಇದರಲ್ಲಿ ಕೆಲವೇ ಹುರುಪೆ ದಾಟಿ ನಿಂತುಬಿಡುತ್ತದೆ. ಪುಂಟಿಯಸ್ ಸೋಫೋರ್‌ಗೆ ಒಂದು ಚುಕ್ಕೆ ಬೆನ್ನಿನ ರೆಕ್ಕೆಯ ಬುಡದಲ್ಲಿ, ಇನ್ನೊಂದು ಬಾಲದ ಬುಡದಲ್ಲೇ, ಮತ್ತು ಗೆರೆ ಬಾಲದವರೆಗೆ ಪೂರ್ತಿ ಹೋಗುತ್ತದೆ. ಹತ್ತು ರೂಪಾಯಿಯ ಭೂತಗನ್ನಡಿಯಲ್ಲೂ ಈ ಗೆರೆ ಕಾಣುತ್ತದೆ. ಎರಡೂ ಸಾಕಲು ಒಳ್ಳೆಯವು, ಆರಕ್ಕೆ ಕಡಿಮೆ ಇಡಬಾರದು ಅಷ್ಟೆ.

ಮೀಸೆ ಎದೆರೆಕ್ಕೆ ದಾಟಿ ಹಿಂದಕ್ಕೆ ಹರಿದಿದ್ದರೆ ಅದು ಎಸೋಮಸ್. ಒಳ್ಳೆಯ ಮೀನೇ, ಆದರೆ ಹಾರುತ್ತದೆ. ಮುಚ್ಚಳದಲ್ಲಿ ಪೈಪಿಗೆಂದು ಬಿಟ್ಟ ಕಿಂಡಿಯಿಂದಲೂ ಹೊರಬೀಳುತ್ತದೆ, ಕಿಂಡಿಗೆ ಸ್ಪಂಜ್ ತುರುಕಿ. ತಲೆಯ ನೆತ್ತಿಯಲ್ಲಿ ಹೊಳೆಯುವ ಚುಕ್ಕೆಯಿದ್ದು ನೀರಿನ ಮೇಲ್ಮೈಯಲ್ಲೇ ತೇಲುವುದು ಆಪ್ಲೊಕೈಲಸ್. ಅದೇ ಗಾತ್ರದ, ಚುಕ್ಕೆಯಿಲ್ಲದ, ಹೆಣ್ಣಿನ ಹೊಟ್ಟೆಯ ಕೊನೆಗೆ ಕಪ್ಪು ಮಚ್ಚೆಯಿರುವುದು ಗ್ಯಾಂಬೂಸಿಯಾ. ಸೊಳ್ಳೆ ಮರಿ ತಿನ್ನಲೆಂದು ಕೆರೆಗೆ ಬಿಟ್ಟ ಪರದೇಶಿ. ಬೇರೆ ಮೀನಿನ ರೆಕ್ಕೆ ಕಚ್ಚುತ್ತದೆ, ತರಬೇಡಿ.

ಕೆಳತುಟಿಗೆ ಝಾಲರಿ ಇರುವ ಬೆಳ್ಳಿ ಮರಿ ಕಂಡರೆ ಅದು ಬಹುತೇಕ ರೋಹು. ಕೆರೆಯಲ್ಲಿ ವರ್ಷದೊಳಗೆ ಕಿಲೋ ತೂಗಬಲ್ಲದು, ಎರಡಡಿ ಟ್ಯಾಂಕಿನಲ್ಲಿ ಅದಕ್ಕೇನು ಕೆಲಸ? ಗಾಜಿನಂತೆ ಪಾರದರ್ಶಕವಾದ ಚಂದಾ ನಾಮಾ ನೋಡಲು ಚೆಂದ, ಆದರೆ ಬೇರೆ ಮೀನಿನ ಹುರುಪೆ ಕಿತ್ತು ತಿನ್ನುವ ಚಟ ಅದಕ್ಕೆ. ನಾಲ್ಕು ಜೊತೆ ಮೀಸೆಯ ಬೆಕ್ಕುಮೀನು ಮಿಸ್ಟಸ್‌ನ ಬೆನ್ನು ಮತ್ತು ಎದೆರೆಕ್ಕೆಯ ಮೊದಲ ಮುಳ್ಳು ಗರಗಸದಂತಿದ್ದು ಬಲೆಗೆ ಸಿಕ್ಕಿಕೊಳ್ಳುತ್ತದೆ. ಎಳೆಯಬಾರದು, ಕತ್ತರಿಯಿಂದ ಬಲೆಯ ಎಳೆ ಕತ್ತರಿಸಬೇಕು. ಚೇಳು ಮೀನಿನ ಮುಳ್ಳು ಇನ್ನೂ ಕೆಟ್ಟದ್ದು. ಚುಚ್ಚಿದರೆ ಕೈ ತಾಳುವಷ್ಟು ಬಿಸಿಯ, ಅಂದರೆ 45 ಡಿಗ್ರಿ ಮೀರದ ನೀರಿನಲ್ಲಿ ಬೆರಳು ಅದ್ದಿ ಆಮೇಲೆ ವೈದ್ಯರ ಹತ್ತಿರ ಹೋಗಿ.

ಮೀನು ಹೆಚ್ಚಾಗಿ ಸಾಯುವುದು ಟ್ಯಾಂಕಿನಲ್ಲಲ್ಲ, ದಾರಿಯಲ್ಲಿ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30ರಲ್ಲಿ ಏಳೂವರೆಯಷ್ಟೆ. ಅದೇ ಹೊತ್ತಿಗೆ ಬಿಸಿಯಾದ ಮೀನಿಗೆ ಉಸಿರು ಹೆಚ್ಚು ಬೇಕು. ಅದಕ್ಕೇ ಬೆಳಗಿನ ಏಳರೊಳಗೆ ಹಿಡಿದು ಮುಗಿಸುತ್ತೇನೆ. 20 ಲೀಟರಿನ ತೊಳೆದ ಪೇಂಟ್ ಬಕೆಟ್ಟಿಗೆ ಅದೇ ಹಳ್ಳದ 10 ಲೀಟರ್ ನೀರು, ನಾಲ್ಕು ಸೆಂಟಿಮೀಟರಿನ ಹತ್ತು ಮೀನು, ಬ್ಯಾಟರಿ ಏರ್ ಪಂಪ್, ಸುತ್ತ ಒದ್ದೆ ಗೋಣಿಚೀಲ. ಹತ್ತು ಅಂದರೆ ಹತ್ತೇ. ಬಲೆಯಲ್ಲೆತ್ತಿ ಗಾಳಿಯಲ್ಲಿ ಹಿಡಿಯಬೇಡಿ, ಸಣ್ಣ ಬಟ್ಟಲಿನಲ್ಲಿ ನೀರಿನ ಸಮೇತ ಎತ್ತಿ. ಬೆಳ್ಳಿ ಬಣ್ಣದ ಚೇಲಾ ಜಾತಿಯವಂತೂ ಮುಟ್ಟಿದರೆ ಹುರುಪೆ ಉದುರಿಸಿ ಮಧ್ಯಾಹ್ನದೊಳಗೆ ಸಾಯುತ್ತವೆ, ಅವನ್ನು ಅಲ್ಲೇ ಬಿಡಿ.

ಮೀನು ತರುವ ಆರು ವಾರ ಮೊದಲೇ ಟ್ಯಾಂಕಿನ ಸ್ಪಂಜ್ ಫಿಲ್ಟರ್ ಓಡುತ್ತಿರಬೇಕು, ದಿನಾ ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು. ಆ ಆಹಾರ ಕೊಳೆತು ಹುಟ್ಟುವ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ಕೂರಲು ಅಷ್ಟು ದಿನ ಬೇಕು. ಮಲಪ್ರಭಾ ನಳದ ನೀರಿಗೆ ಕ್ಲೋರಿನ್ ಇರುತ್ತದೆ. 10 ಗ್ರಾಂ ಹೈಪೋ (ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್) ಹರಳನ್ನು 100 ಎಂಎಲ್ ನೀರಿನಲ್ಲಿ ಕರಗಿಸಿಟ್ಟುಕೊಂಡು, 10 ಲೀಟರಿಗೆ 1 ಎಂಎಲ್ ಹಾಕುತ್ತೇನೆ. ಸ್ಪಂಜನ್ನು ನಳದ ಕೆಳಗೆ ತೊಳೆದರೆ ಆರು ವಾರದ ಕೆಲಸ ಐದು ನಿಮಿಷದಲ್ಲಿ ಹಾಳು, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಮೊದಲ ನಾಲ್ಕು ವಾರ ಬೇರೆ ಟ್ಯಾಂಕ್. 40 ಲೀಟರ್, ತಳಕ್ಕೆ ಏನೂ ಇಲ್ಲ, ಅಡಗಲು ಒಡೆದ ಮಡಕೆಯ ಚೂರು. ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅದು ಇಕ್ ಅನ್ನುವ ಪರಾವಲಂಬಿ ರೋಗ. ಅಯೋಡಿನ್ ಇಲ್ಲದ ಕಲ್ಲುಪ್ಪು ಲೀಟರಿಗೆ 3 ಗ್ರಾಂ ಆಗುವವರೆಗೆ ಎರಡು ದಿನದಲ್ಲಿ ಹಂತಹಂತವಾಗಿ ಹಾಕಿ, ಚುಕ್ಕೆ ಹೋದ ಮೇಲೂ ವಾರ ಮುಂದುವರಿಸಿ. ಪರಾವಲಂಬಿ ಮೀನಿನ ಮೈಮೇಲಿರುವಾಗ ಉಪ್ಪು ಅದಕ್ಕೆ ತಾಗುವುದಿಲ್ಲ, ಉದುರಿ ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಇನ್ನೊಂದು ಲಂಗರು ಹುಳು. ಮೈಯಿಂದ ದಾರದ ತುಂಡು ಹೊರಚಾಚಿದಂತೆ, ಕೊನೆಗೆ ಎರಡು ಕವಲು. ಒದ್ದೆ ಬಟ್ಟೆಯಲ್ಲಿ ಮೀನು ಹಿಡಿದು ಚಿಮಟದಿಂದ ಬುಡದ ಹತ್ತಿರ ಹಿಡಿದು ನಿಧಾನ ಎಳೆಯಬೇಕು. ತುದಿ ಒಳಗೇ ಮುರಿದರೆ ಗಾಯ ಕೊಳೆಯುತ್ತದೆ. ಅದರ ಮರಿಗಳು ನೀರಿನಲ್ಲಿ ಉಳಿದಿರುವುದರಿಂದ ತಿಂಗಳವರೆಗೆ ಮತ್ತೆಮತ್ತೆ ನೋಡುತ್ತಿರಬೇಕು.

ಹಿಡಿದ ಮೀನು ಅಂಗಡಿಯ ಕಾಳಿನ ಆಹಾರವನ್ನು ಮೊದಲು ತಿನ್ನುವುದೇ ಇಲ್ಲ. ಸೊಳ್ಳೆ ಮರಿಯಿಂದ ಶುರು ಮಾಡುತ್ತೇನೆ. ಮರಿ ಬೆಳೆಸುವ ಬಕೆಟ್ಟನ್ನು ಮೂರು ದಿನಕ್ಕೊಮ್ಮೆ ಸೋಸಿ ಖಾಲಿ ಮಾಡಲೇಬೇಕು, ಇಲ್ಲದಿದ್ದರೆ ಓಣಿಗೆ ಡೆಂಗಿ ಹಂಚಿದಂತೆ. ಆಮೇಲೆ ಕೊಚ್ಚಿದ ಎರೆಹುಳು, ಅದರ ಜೊತೆಗೆ ಪುಡಿ ಮಾಡಿದ ಕಾಳು. ಎರಡು ವಾರದಲ್ಲಿ ರೂಢಿಯಾಗುತ್ತದೆ.

ಹಳ್ಳದ ಮೀನುಗಳದ್ದು ಬೇರೆಯೇ ಲೆಕ್ಕ. ಗದ್ದದ ಕೆಳಗೆ ಹೀರುತಟ್ಟೆಯಿರುವ ಗಾರಾ ಮುಲ್ಯಾ ನಿಂತ ನೀರಿನಲ್ಲಿ ಬಾಳುವುದಿಲ್ಲ. ಮೂರಡಿ ಟ್ಯಾಂಕ್, ಒಂದು ತುದಿಯಲ್ಲಿ ಗಂಟೆಗೆ 1000 ಲೀಟರ್ ತಳ್ಳುವ ಪಂಪ್, ಅದರ ಎದುರಿಗೆ ನುಣುಪು ಕಲ್ಲು. ಕಲ್ಲು ತರುವಾಗ ನಿಂಬೆರಸ ಹಿಂಡಿ ನೋಡಿ, ನೊರೆ ಬಂದರೆ ಸುಣ್ಣದ ಕಲ್ಲು, ನೀರು ಗಡಸಾಗುತ್ತದೆ. ಗದಗದವರು ಬೋರ್‌ವೆಲ್ ನೀರಿಗೆ ಹಿಡಿದಿಟ್ಟ ಮಳೆನೀರು ಅರ್ಧಕ್ಕರ್ಧ ಬೆರೆಸಿ. ಪಾಚಿ ಗಾರಾದ ಊಟ. ಮಾಳಿಗೆಯ ಮೇಲೆ ಬಿಸಿಲಿಗೆ ಟಬ್ಬಿನಲ್ಲಿ ಕಲ್ಲುಗಳನ್ನಿಟ್ಟು ಹಸಿರು ಹಿಡಿಸುತ್ತೇನೆ, ವಾರಕ್ಕೆ ಎರಡು ಕಲ್ಲು ಕೆಳಗೆ, ತಿಂದು ಬೋಳಾದ ಎರಡು ಮೇಲೆ. ಹಸಿರಿದ್ದ ಜಾಗದಲ್ಲಿ ಗಾರಾದ ಬಾಯಿಯಗಲದ ಪಟ್ಟೆಗಳು ಎದ್ದು ಕಾಣುತ್ತವೆ. ಮರಳಲ್ಲಿ ಹೂತುಕೊಳ್ಳುವ ಲೋಚ್‌ಗೆ ಎರಡು ಇಂಚು ಸೋಸಿದ ಉಸುಕು ಬೇಕು, ಜಲ್ಲಿ ಮೀಸೆ ಸವೆಸುತ್ತದೆ. ಏಪ್ರಿಲ್‌ನಲ್ಲಿ ಟ್ಯಾಂಕಿನ ಮೇಲೆ ಸಣ್ಣ ಫ್ಯಾನ್ ತಿರುಗಿಸಿದರೆ ಎರಡು-ಮೂರು ಡಿಗ್ರಿ ಇಳಿಯುತ್ತದೆ, ಆರಿದ ನೀರಿನ ಬದಲು ಮೆದು ನೀರನ್ನೇ ಸುರಿಯಿರಿ.

ಹೆಚ್ಚಾದ ಮೀನನ್ನು ಹತ್ತಿರದ ಕೆರೆಗೆ ಬಿಡುವ ಅಭ್ಯಾಸ ಬಿಡಬೇಕು. ಅಕ್ವೇರಿಯಂನ ರೋಗ ಕೆರೆಗೆ ಹೋಗುತ್ತದೆ, ಶಾಲ್ಮಲೆಯ ಮೀನು ಬೆಣ್ಣಿಹಳ್ಳಕ್ಕೆ ಸೇರುತ್ತದೆ. ಸಾಕುವವರಿಗೆ ಕೊಡಿ. ಯಾರೂ ಒಯ್ಯದಿದ್ದರೆ ಮುಂದಿನ ಸಲ ದಡದಲ್ಲಿ ಹತ್ತರ ಬದಲು ಆರು ಎಣಿಸಿ.